ಎದೆಗೇರಿದ ಹೊಟ್ಟೆ: ವಯಸ್ಕರಲ್ಲಿ ವಪೆಯ ಹರ್ನಿಯಾ



ಹರ್ನಿಯಾ ಎಂದರೆ ಏನೆಂದು ನಮ್ಮ ಊರುಗಳಲ್ಲಿ ಬಹಳ ಜನಕ್ಕೆ ಗೊತ್ತು. ತೊಡೆಸಂದಿನಲ್ಲಿ ಉಬ್ಬು ಕಾಣಿಸಿಕೊಳ್ಳುತ್ತದೆ. ಕೆಮ್ಮಿದರೆ ದೊಡ್ಡದಾಗುತ್ತದೆ, ಮಲಗಿದರೆ ಒಳಗೆ ಹೋಗುತ್ತದೆ. ಕೆಲವು ಹೆಂಗಸರಿಗೆ ಹೆರಿಗೆಯ ನಂತರ ಹೊಕ್ಕುಳಿನ ಬಳಿ ಬರುತ್ತದೆ, ಕೆಲವರಿಗೆ ಹಳೆಯ ಆಪರೇಷನ್ನಿನ ಗಾಯದಲ್ಲಿ ಬರುತ್ತದೆ. ಇವೆಲ್ಲ ಕಣ್ಣಿಗೆ ಕಾಣುತ್ತವೆ, ಕೈಗೆ ಸಿಗುತ್ತವೆ. ಮುಜುಗರಪಟ್ಟುಕೊಂಡು ತಡಮಾಡಿದರೂ ಒಂದು ದಿನ ರೋಗಿ ತಾನಾಗಿಯೇ ವೈದ್ಯರ ಬಳಿ ಬರುತ್ತಾನೆ. ನಾನು ಇಂದು ಮಾತನಾಡಬೇಕೆಂದಿರುವ ಹರ್ನಿಯಾ ಹಾಗಲ್ಲ. ಅದು ಹೊರಗೆ ಉಬ್ಬುವುದಿಲ್ಲ, ಒಳಗೇ ಮೇಲಕ್ಕೆ ಹತ್ತುತ್ತದೆ. ಹೊಟ್ಟೆಯಲ್ಲಿ ಇರಬೇಕಾದ ಜಠರವೋ ಕರುಳೋ ಎದೆಗೂಡಿನೊಳಗೆ ಸೇರಿಕೊಂಡು, ವರ್ಷಗಟ್ಟಲೆ ಯಾರ ಗಮನಕ್ಕೂ ಬಾರದೆ ಇದ್ದುಬಿಡುತ್ತದೆ.

ಎದೆಯನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ತೆಳುವಾದ, ಬಲವಾದ ಸ್ನಾಯು ಒಂದಿದೆ. ಅದಕ್ಕೆ ವಪೆ ಎಂದು ಹೆಸರು. ಆಸ್ಪತ್ರೆಯಲ್ಲಿ ಡಯಾಫ್ರಮ್ ಎನ್ನುವುದನ್ನು ನೀವು ಕೇಳಿರಬಹುದು. ಅಂಚಿನಲ್ಲಿ ಪಕ್ಕೆಲುಬುಗಳಿಗೂ ಬೆನ್ನುಮೂಳೆಗೂ ಅಂಟಿಕೊಂಡು, ನಡುವೆ ಮೇಲಕ್ಕೆ ಉಬ್ಬಿ ನಿಂತಿರುವ ಸ್ನಾಯು ಇದು. ಮೇಲೆ ಹೃದಯ ಮತ್ತು ಶ್ವಾಸಕೋಶಗಳು. ಕೆಳಗೆ ಬಲಕ್ಕೆ ಯಕೃತ್ತು, ಎಡಕ್ಕೆ ಜಠರ ಮತ್ತು ಗುಲ್ಮ, ಅವುಗಳ ಕೆಳಗೆ ಕರುಳು. ನಾವು ಉಸಿರೆಳೆದಾಗ ವಪೆ ಕೆಳಗಿಳಿಯುತ್ತದೆ, ಬಿಟ್ಟಾಗ ಮೇಲೇರುತ್ತದೆ. ಶಾಂತವಾಗಿ ಕುಳಿತಿರುವಾಗಿನ ಉಸಿರಾಟದ ಬಹುಪಾಲು ಕೆಲಸ ಇದರದೇ. ನಮ್ಮ ಯೋಗಗ್ರಂಥಗಳು ದಿನವೊಂದಕ್ಕೆ 21,600 ಉಸಿರು ಎಂದು ಲೆಕ್ಕ ಹೇಳುತ್ತವೆ. ಅಂದರೆ ನಿಮಿಷಕ್ಕೆ 15. ಇಂದಿನ ವೈದ್ಯರು ಎಣಿಸಿದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಅಷ್ಟೂ ಸಲ ಈ ಸ್ನಾಯು ಏರಿಳಿಯಬೇಕು. ನಿದ್ರೆಯಲ್ಲಿ ಕೈಕಾಲಿನ ಸ್ನಾಯುಗಳಿಗೆ ಸಿಗುವ ಬಿಡುವು ಅದಕ್ಕಿಲ್ಲ.

ಈ ಸ್ನಾಯುವಿನಲ್ಲಿ ಹುಟ್ಟಿನಿಂದಲೇ ಇರುವ ಮೂರು ದೊಡ್ಡ ಕಂಡಿಗಳಿವೆ. ಹೃದಯದಿಂದ ಇಳಿಯುವ ಮಹಾಅಪಧಮನಿಗೆ ಒಂದು, ಹೃದಯಕ್ಕೆ ರಕ್ತ ಮರಳಿಸುವ ದೊಡ್ಡ ಸಿರೆಗೆ ಒಂದು, ಬಾಯಿಂದ ಜಠರಕ್ಕೆ ಹೋಗುವ ಅನ್ನನಾಳಕ್ಕೆ ಒಂದು. ಇವು ಇರಲೇಬೇಕಾದವು. ತೊಂದರೆ ಶುರುವಾಗುವುದು ಇವುಗಳಲ್ಲೊಂದು ಹಿಗ್ಗಿದಾಗ, ಇಲ್ಲವೇ ಇರಬಾರದ ಕಡೆ ಇನ್ನೊಂದು ತೂತು ಇದ್ದಾಗ.

ತಾಯಿಯ ಗರ್ಭದಲ್ಲಿ ವಪೆ ಹಲವು ತುಂಡುಗಳು ಕೂಡಿ ಆಗುತ್ತದೆ. ಆ ಕೂಡುವಿಕೆ ಎಲ್ಲೋ ಒಂದು ಕಡೆ ಪೂರ್ತಿಯಾಗದೆ ಉಳಿದರೆ ಮಗು ತೂತಿನೊಂದಿಗೇ ಹುಟ್ಟುತ್ತದೆ. ಹಿಂಭಾಗದಲ್ಲಿ, ಹೆಚ್ಚಾಗಿ ಎಡಗಡೆಗೆ ಉಳಿಯುವ ಕಂಡಿಯನ್ನು 1848ರಲ್ಲಿ ಪ್ರಾಗ್ ನಗರದ ಬೋಕ್ಡಾಲೆಕ್ ವಿವರಿಸಿದರು. ಮುಂಭಾಗದಲ್ಲಿ, ಎದೆಮೂಳೆಯ ಹಿಂದೆ, ಹೆಚ್ಚಾಗಿ ಬಲಕ್ಕೆ ಉಳಿಯುವುದನ್ನು ಅದಕ್ಕೂ ಮೊದಲು, 18ನೆಯ ಶತಮಾನದಲ್ಲಿ, ಇಟಲಿಯ ಪಾಡುವಾದ ಮೋರ್ಗಾನಿ ಗುರುತಿಸಿದ್ದರು. ಇಂದಿಗೂ ಆ ಹರ್ನಿಯಾಗಳಿಗೆ ಅವರ ಹೆಸರುಗಳೇ ಇವೆ. ತೂತು ದೊಡ್ಡದಿದ್ದರೆ ಹುಟ್ಟಿದ ಕೂಡಲೇ ಮಗು ಉಸಿರಿಗೆ ಒದ್ದಾಡುತ್ತದೆ. ಅದು ಮಕ್ಕಳ ಶಸ್ತ್ರವೈದ್ಯರ ದೊಡ್ಡ ಸವಾಲು, ಬೇರೆಯದೇ ವಿಷಯ. ತೂತು ಚಿಕ್ಕದಿದ್ದರೆ ಅಥವಾ ಅದರ ಬಾಯಿಗೆ ಗುಲ್ಮವೋ ಕೊಬ್ಬೋ ಅಡ್ಡ ನಿಂತಿದ್ದರೆ ಮಗು ಆರೋಗ್ಯವಾಗಿ ಬೆಳೆದು, ಶಾಲೆಗೆ ಹೋಗಿ, ಮದುವೆಯಾಗಿ, ನಲವತ್ತು ಐವತ್ತರ ವಯಸ್ಸಿನವರೆಗೂ ಏನೂ ತಿಳಿಯದೆ ಇರಬಹುದು. ಹೆಣ್ಣುಮಕ್ಕಳಲ್ಲಿ ಮೊದಲ ಬಸಿರಿನ ಕೊನೆಯ ತಿಂಗಳುಗಳಲ್ಲಿ, ಗರ್ಭಕೋಶ ಹೊಟ್ಟೆಯನ್ನೆಲ್ಲ ತುಂಬಿ ಮೇಲಕ್ಕೆ ಒತ್ತಿದಾಗ, ಇಂಥ ಕಂಡಿ ಥಟ್ಟನೆ ಪ್ರಕಟವಾದ ನಿದರ್ಶನಗಳು ವೈದ್ಯಸಾಹಿತ್ಯದಲ್ಲಿ ಇವೆ. ಬಸುರಿಗೆ ವಾಂತಿ, ಎದೆಯುರಿ, ಏದುಸಿರು ಸಹಜ ಎಂದು ನಾವೆಲ್ಲ ನಂಬಿರುವುದರಿಂದ ಅಲ್ಲಿ ಅಪಾಯ ಹೆಚ್ಚು.

ಎರಡನೆಯ ಕಾರಣ ಪೆಟ್ಟು. ಇದರ ಬಗ್ಗೆ ನಾನು ಸ್ವಲ್ಪ ಹೆಚ್ಚು ಹೊತ್ತು ಮಾತನಾಡುತ್ತೇನೆ, ಏಕೆಂದರೆ ನಮ್ಮ ಜನರ ದುಡಿಮೆಗೂ ನಮ್ಮ ರಸ್ತೆಗಳಿಗೂ ಇದಕ್ಕೂ ನೇರ ಸಂಬಂಧವಿದೆ.

ಆಂಬ್ರೋಸ್ ಪಾರೆ ಎಂಬ ಫ್ರಾನ್ಸಿನ ಶಸ್ತ್ರವೈದ್ಯ 1579ರಲ್ಲಿ ಒಂದು ಪ್ರಸಂಗ ಬರೆದಿಟ್ಟಿದ್ದಾರೆ. ಫಿರಂಗಿದಳದ ಒಬ್ಬ ಕ್ಯಾಪ್ಟನ್ನಿಗೆ ಗುಂಡು ತಗುಲಿತ್ತು. ಗಾಯ ಮಾಯ್ದು ಅವನು ಬದುಕಿಕೊಂಡ. ಆದರೆ ಎಂಟು ತಿಂಗಳ ನಂತರ ತೀವ್ರವಾದ ಹೊಟ್ಟೆನೋವು ಬಂದು ಸತ್ತುಹೋದ. ಪಾರೆ ದೇಹವನ್ನು ಕೊಯ್ದು ನೋಡಿದಾಗ ಕಂಡದ್ದು ಇದು: ವಪೆಯಲ್ಲಿ ಕಿರುಬೆರಳಿನ ತುದಿ ಮಾತ್ರ ಹೋಗಬಹುದಾದ ಒಂದು ತೂತು. ಅದರೊಳಗಿಂದ ದೊಡ್ಡಕರುಳಿನ ಭಾಗ ಎದೆಗೆ ನುಗ್ಗಿ, ಅಲ್ಲೇ ಸಿಕ್ಕಿಹಾಕಿಕೊಂಡು ಕೊಳೆತಿತ್ತು.

ನಾಲ್ಕೂವರೆ ಶತಮಾನ ಕಳೆದರೂ ಈ ಪ್ರಸಂಗದಲ್ಲಿ ಕಲಿಯಬೇಕಾದದ್ದೆಲ್ಲ ಇದೆ. ಮೊದಲನೆಯದು, ಹೊರಗಿನ ಗಾಯ ಮಾಯ್ದ ಮಾತ್ರಕ್ಕೆ ಒಳಗಿನದೂ ಮಾಯ್ದಿತೆಂದು ತಿಳಿಯಬಾರದು. ಚರ್ಮ ಮಾಯುತ್ತದೆ, ಪಕ್ಕೆಲುಬು ಕೂಡಿಕೊಳ್ಳುತ್ತದೆ, ವಪೆಯ ಹರಕು ಮಾತ್ರ ತಾನಾಗಿ ಕೂಡುವುದು ಅಪರೂಪ. ಸದಾ ಅಲುಗಾಡುವ ಸ್ನಾಯುವಿನ ಎರಡು ಅಂಚುಗಳು ಒಂದಕ್ಕೊಂದು ಅಂಟುವುದಾದರೂ ಹೇಗೆ? ಜೊತೆಗೆ ಎದೆಯೊಳಗಿನ ಒತ್ತಡ ಹೊಟ್ಟೆಯೊಳಗಿನ ಒತ್ತಡಕ್ಕಿಂತ ಕಡಿಮೆ. ಸಾಮಾನ್ಯ ಉಸಿರಾಟದಲ್ಲಿ ಈ ಅಂತರ 7ರಿಂದ 20 ಸೆಂಟಿಮೀಟರ್ ನೀರಿನಷ್ಟು ಇರುತ್ತದೆ. ಬಲವಾಗಿ ಉಸಿರೆಳೆದಾಗ 100ನ್ನೂ ದಾಟಬಹುದು. ಹಾಗಾಗಿ ಪ್ರತಿ ಉಸಿರೂ ಹೊಟ್ಟೆಯ ಅಂಗವನ್ನು ಆ ತೂತಿನ ಕಡೆಗೆ ಸ್ವಲ್ಪ ಸ್ವಲ್ಪವೇ ಎಳೆಯುತ್ತದೆ. ಎರಡನೆಯದು, ತೂತು ಚಿಕ್ಕದೆಂದು ಸಮಾಧಾನಪಡುವಂತಿಲ್ಲ. ದೊಡ್ಡ ತೂತಿನಲ್ಲಿ ಕರುಳು ಹೋಗುತ್ತದೆ, ಬರುತ್ತದೆ. ಚಿಕ್ಕ ತೂತಿನಲ್ಲಿ ಹೋದದ್ದು, ಚೀಲದ ಬಾಯಿಗೆ ದಾರ ಬಿಗಿದಂತೆ ಸಿಕ್ಕಿಕೊಂಡು, ರಕ್ತ ಓಡಾಡದೆ ಸಾಯುತ್ತದೆ.

ನಮ್ಮಲ್ಲಿ ಈ ಪೆಟ್ಟು ಹೇಗೆಲ್ಲ ಬೀಳುತ್ತದೆ ನೋಡಿ. ಬಸ್ಸಿಗೆ ಕಾರು ಗುದ್ದಿದಾಗ ಸ್ಟೀರಿಂಗ್ ಚಕ್ರ ಚಾಲಕನ ಹೊಟ್ಟೆಯ ಮೇಲ್ಭಾಗಕ್ಕೆ ಒತ್ತುತ್ತದೆ. ಬೈಕಿನಿಂದ ಹಾರಿಬಿದ್ದವನ ಪಕ್ಕೆ ರಸ್ತೆಯ ಅಂಚಿಗೆ ಬಡಿಯುತ್ತದೆ. ಉಳುಮೆಯಲ್ಲಿ ಟ್ರ್ಯಾಕ್ಟರ್ ಮಗುಚಿ ಮೈಮೇಲೆ ಬೀಳುತ್ತದೆ. ಮಲೆನಾಡಿನಲ್ಲಿ ಕೊನೆಗಾರರು ಅಡಿಕೆ ಮರದಿಂದ ಬೀಳುತ್ತಾರೆ, ಕರಾವಳಿಯಲ್ಲಿ ತೆಂಗಿನ ಮರದಿಂದ. ಹೋರಿ ಬೆದರಿಸುವ ಕಡೆಗಳಲ್ಲಿ ಕೊಂಬು ಪಕ್ಕೆಗೆ ತಿವಿಯುತ್ತದೆ. ಹೊಟ್ಟೆಯೊಳಗಿನ ಒತ್ತಡ ಕ್ಷಣದಲ್ಲಿ ಹತ್ತಾರು ಪಟ್ಟು ಏರಿದಾಗ ವಪೆ ಹರಿಯುತ್ತದೆ. ಬಲಗಡೆ ಯಕೃತ್ತು ಅಡ್ಡ ನಿಂತು ಪೆಟ್ಟನ್ನು ತಾನು ತಡೆದುಕೊಳ್ಳುವುದರಿಂದ ಎಡಗಡೆ ಹರಿಯುವುದೇ ಹೆಚ್ಚು. ಬಲಗಡೆಯೂ ಹರಿಯುವುದುಂಟು, ಅಲ್ಲಿ ಯಕೃತ್ತೇ ಮೇಲೇರುತ್ತದೆ. ಇನ್ನು ಚಾಕುವಿನ ಗಾಯ. ಪೂರ್ತಿ ಉಸಿರು ಬಿಟ್ಟಾಗ ವಪೆಯ ಉಬ್ಬು ಮೊಲೆತೊಟ್ಟಿನ ಮಟ್ಟದವರೆಗೂ ಏರಿರುತ್ತದೆ. ಆದ್ದರಿಂದ ಮೊಲೆತೊಟ್ಟಿನಿಂದ ಪಕ್ಕೆಲುಬಿನ ಕೆಳ ಅಂಚಿನವರೆಗೆ ಎಲ್ಲಿ ಇರಿತ ಬಿದ್ದರೂ, ನೋಡುವುದಕ್ಕೆ ಎದೆಯ ಗಾಯವೆನಿಸಿದರೂ, ವಪೆ ಸೀಳಿರಬಹುದು ಎಂದೇ ಎಣಿಸಬೇಕು. ಎರಡು ಹೊಲಿಗೆ ಹಾಕಿ ಮನೆಗೆ ಕಳುಹಿಸಿದರೆ ಮುಗಿಯುವ ಗಾಯ ಅದಲ್ಲ.

ಅಪಘಾತದ ದಿನವೇ ಇದು ಗೊತ್ತಾಗಬೇಕಲ್ಲವೇ ಎಂದು ನೀವು ಕೇಳಬಹುದು. ಹಲವು ಸಲ ಗೊತ್ತಾಗುತ್ತದೆ. ಆದರೆ ವಪೆ ಹರಿಯುವಷ್ಟು ಪೆಟ್ಟು ಬಿದ್ದವನಿಗೆ ತಲೆಗೂ ಏಟಾಗಿರುತ್ತದೆ, ತೊಡೆಮೂಳೆ ಮುರಿದಿರುತ್ತದೆ, ಗುಲ್ಮ ಒಡೆದು ರಕ್ತ ಸೋರುತ್ತಿರುತ್ತದೆ. ವೈದ್ಯರು ಮೊದಲು ಜೀವ ಉಳಿಸಬೇಕು. ವೆಂಟಿಲೇಟರಿನಲ್ಲಿ ಇಟ್ಟಿದ್ದರೆ ಯಂತ್ರ ಗಾಳಿಯನ್ನು ಎದೆಯೊಳಕ್ಕೆ ಒತ್ತುವುದರಿಂದ, ಹರಕು ಇದ್ದರೂ ಕರುಳು ಮೇಲೇರದೆ ಅಲ್ಲೇ ನಿಲ್ಲುತ್ತದೆ. ಆ ದಿನದ ಎಕ್ಸ್‌ರೇ ಸರಿಯಾಗಿಯೇ ಕಾಣಬಹುದು. ಯಂತ್ರ ತೆಗೆದ ಮೇಲೆ, ರೋಗಿ ತಾನೇ ಉಸಿರಾಡತೊಡಗಿದ ಮೇಲೆ ಏರಿಕೆ ಶುರುವಾಗುತ್ತದೆ. ಮುಂದೆ ತಿಂಗಳುಗಳು, ಕೆಲವೊಮ್ಮೆ ಹತ್ತಿಪ್ಪತ್ತು ವರ್ಷಗಳು, ಸದ್ದಿಲ್ಲದ ಕಾಲ. ಊಟವಾದ ಮೇಲೆ ಎದೆ ಭಾರ, ಸ್ವಲ್ಪ ಏದುಸಿರು, ಎಡ ಪಕ್ಕೆಯಲ್ಲಿ ಬಂದು ಹೋಗುವ ನೋವು. ಆಮೇಲೆ ಒಂದು ದಿನ ಕರುಳು ಸಿಕ್ಕಿಕೊಳ್ಳುತ್ತದೆ.

ಹೊರರೋಗಿ ವಿಭಾಗದಲ್ಲಿ ನಡೆಯಬಹುದಾದ ಒಂದು ಮಾತುಕತೆಯನ್ನು ನಿಮ್ಮ ಮುಂದಿಡುತ್ತೇನೆ. ಐವತ್ತರ ಆಸುಪಾಸಿನ ಕೊನೆಗಾರ, ಜೊತೆಗೆ ಹೆಂಡತಿ. ಹಲವು ಡಾಕ್ಟರರ ಚೀಟಿಗಳಿರುವ ಪ್ಲಾಸ್ಟಿಕ್ ಕವರು ಕೈಯಲ್ಲಿ.

"ಏನು ತೊಂದರೆ ಯಜಮಾನ್ರೇ?"

"ಗ್ಯಾಸ್ಟ್ರಿಕ್ ಸಾರ್. ಊಟ ಮಾಡಿದ್ರೆ ಎದೆ ಕಟ್ಟಿದಂಗಾಗ್ತದೆ."

"ಯಾವಾಗಾದ್ರೂ ಬಿದ್ದು ಪೆಟ್ಟು ಮಾಡಿಕೊಂಡಿದ್ರಾ?"

"ಇಲ್ಲ ಸಾರ್, ಅಂಥದ್ದೇನಿಲ್ಲ."

ಆಗ ಹೆಂಡತಿ ಬಾಯಿ ಹಾಕುತ್ತಾರೆ. "ಏನಿಲ್ಲ ಅಂದ್ರೆ? ದೊಡ್ಡ ಮಗಳ ಮದುವೆ ವರ್ಷ ಮರದಿಂದ ಬಿದ್ದು ಪಕ್ಕೆಲುಬು ಮುರ್ಕೊಂಡಿರ್ಲಿಲ್ವಾ? ಆವಾಗಿಂದ ಉಂಡ ಕೂಡ್ಲೆ ಮಲಗೋಕೆ ಆಗಲ್ಲ ಸಾರ್ ಇವರಿಗೆ. ಎದ್ದು ಕೂತ್ಕೋತಾರೆ."

"ಅದು ಹಳೇ ಕತೆ ಮಾರಾಯ್ತಿ. ಅದಕ್ಕೂ ಇದಕ್ಕೂ ಏನು ಸಂಬಂಧ?"

ಸಂಬಂಧವಿದೆ. ರೋಗಿ ಸುಳ್ಳು ಹೇಳುತ್ತಿಲ್ಲ. ಅವರ ಮನಸ್ಸಿನಲ್ಲಿ ಆ ಪೆಟ್ಟು ವಾಸಿಯಾಗಿ ಮುಗಿದ ಸಂಗತಿ. ಅದಕ್ಕೇ ವೈದ್ಯರಾದವರು ಒಂದು ಸಲ ಕೇಳಿ ಸುಮ್ಮನಾಗಬಾರದು. ಮರದಿಂದ ಬಿದ್ದಿದ್ದೀರಾ, ಗಾಡಿಯಿಂದ ಬಿದ್ದಿದ್ದೀರಾ, ದನ ಹಾಯ್ದಿತ್ತೇ, ಜಗಳದಲ್ಲಿ ಇರಿತ ಆಗಿತ್ತೇ ಎಂದು ಬಿಡಿಬಿಡಿಯಾಗಿ ಕೇಳಬೇಕು. ಜೊತೆಗೆ ಬಂದವರನ್ನೂ ಕೇಳಬೇಕು. ಅಂಗಿ ತೆಗೆಸಿ ಹಳೆಯ ಗಾಯದ ಕಲೆ ಇದೆಯೇ ಎಂದು ನೋಡಬೇಕು. ಈ ರೋಗದ ಅರ್ಧ ಪತ್ತೆ ಯಂತ್ರದಿಂದ ಆಗುವುದಿಲ್ಲ, ಮಾತಿನಿಂದ ಆಗುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ.

ಸ್ಟೆತಾಸ್ಕೋಪಿನಿಂದಲೂ ಬಹಳ ತಿಳಿಯುತ್ತದೆ. ಎಕ್ಸ್‌ರೇ ಕಂಡುಹಿಡಿದದ್ದು 1895ರಲ್ಲಿ. ಅದಕ್ಕೂ ನಾಲ್ಕು ದಶಕ ಮೊದಲು, 1853ರಲ್ಲಿ, ಅಮೆರಿಕದ ಬಾಸ್ಟನ್ನಿನ ವೈದ್ಯ ಹೆನ್ರಿ ಬೌಡಿಚ್ ಈ ಹರ್ನಿಯಾವನ್ನು ಬದುಕಿರುವ ರೋಗಿಯಲ್ಲಿ ಗುರುತಿಸುವುದು ಹೇಗೆಂದು ಬರೆದರು. ಎಡ ಎದೆ ಉಬ್ಬಿರುತ್ತದೆ, ಉಸಿರಾಡುವಾಗ ಸರಿಯಾಗಿ ಅಲುಗಾಡುವುದಿಲ್ಲ. ಅಲ್ಲಿ ಉಸಿರಿನ ಸದ್ದು ಕೇಳುವುದಿಲ್ಲ. ಹೃದಯದ ಬಡಿತ ಬಲಕ್ಕೆ ಸರಿದಿರುತ್ತದೆ. ಎದೆಯ ಮೇಲೆ ಕಿವಿಗೊಟ್ಟರೆ ಕರುಳಿನ ಗುಳುಗುಳು ಸದ್ದು ಕೇಳುತ್ತದೆ. ಇಂದಿಗೂ ತಾಲ್ಲೂಕು ಆಸ್ಪತ್ರೆಯಲ್ಲಿ ಕುಳಿತ ವೈದ್ಯರಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.

ಎದೆಯ ಎಕ್ಸ್‌ರೇ ಮೊದಲ ಪರೀಕ್ಷೆ. ಜಠರದ ಗಾಳಿಗುಳ್ಳೆ ವಪೆಯ ಮೇಲ್ಗಡೆ ಕಂಡರೆ ಅನುಮಾನ ಬಲವಾಗುತ್ತದೆ. ಮೂಗಿನಿಂದ ಹಾಕಿದ ನಳಿಕೆಯ ತುದಿ ಎದೆಯೊಳಗೆ ಸುರುಳಿ ಸುತ್ತಿಕೊಂಡು ಕಂಡರೆ ಹೆಚ್ಚುಕಡಿಮೆ ಖಚಿತ. ಆದರೆ ಎಕ್ಸ್‌ರೇ ಮೋಸ ಮಾಡುವುದೂ ಉಂಟು. ಎಡ ಎದೆಯ ಕೆಳಭಾಗ ಮಸುಕಾಗಿ ಕಂಡರೆ ನಮ್ಮ ದೇಶದಲ್ಲಿ ಮೊದಲು ಮನಸ್ಸಿಗೆ ಬರುವುದು ಕ್ಷಯ, ಇಲ್ಲವೇ ನ್ಯುಮೋನಿಯಾ, ಇಲ್ಲವೇ ಶ್ವಾಸಕೋಶದ ಸುತ್ತ ನೀರು ತುಂಬಿಕೊಂಡಿದೆ ಎಂಬ ಯೋಚನೆ. ಕಫದಲ್ಲಿ ಕ್ಷಯದ ರೋಗಾಣು ಸಿಗದಿದ್ದರೂ ಚಿತ್ರ ನೋಡಿ ತಿಂಗಳುಗಟ್ಟಲೆ ಕ್ಷಯದ ಮಾತ್ರೆ ತಿಂದು, ಕೊನೆಗೆ ಹರ್ನಿಯಾ ಎಂದು ತಿಳಿದ ರೋಗಿಗಳ ವರದಿಗಳು ಭಾರತದಿಂದಲೇ ಪ್ರಕಟವಾಗಿವೆ.

ಇನ್ನೂ ದೊಡ್ಡ ಅಪಾಯ ಒಂದಿದೆ. ಎದೆಗೆ ಏರಿದ ಜಠರ ಗಾಳಿಯಿಂದ ಹಿಗ್ಗಿದಾಗ, ಶ್ವಾಸಕೋಶ ಒಡೆದು ಎದೆಯಲ್ಲಿ ಗಾಳಿ ತುಂಬಿದೆ ಎಂದೇ ಚಿತ್ರದಲ್ಲಿ ತೋರುತ್ತದೆ. ರೋಗಿ ಏದುಸಿರು ಬಿಡುತ್ತಿರುತ್ತಾನೆ, ಅವಸರದಲ್ಲಿ ಪಕ್ಕೆಗೆ ನಳಿಕೆ ಹಾಕುತ್ತಾರೆ. ನಳಿಕೆ ಜಠರವನ್ನೇ ತೂತು ಮಾಡಿ, ಊಟದ ಅಂಶ, ಆಮ್ಲ ಎಲ್ಲ ಎದೆಯೊಳಗೆ ಚೆಲ್ಲುತ್ತದೆ. ಈ ಮಾತನ್ನು ಕೇಳುತ್ತಿರುವ ಕಿರಿಯ ವೈದ್ಯರಿದ್ದರೆ ಅವರಲ್ಲಿ ನನ್ನ ಪ್ರಾರ್ಥನೆ: ಪೆಟ್ಟಿನ ಇತಿಹಾಸ ಇರುವವರ ಎದೆಗೆ ನಳಿಕೆ ಹಾಕುವ ಮೊದಲು ಬೆರಳು ಹಾಕಿ ಒಳಗೆ ಏನಿದೆ ಎಂದು ಮುಟ್ಟಿ ನೋಡಿ. ಬರೀ ಸೂಜಿ ಅಥವಾ ಚೂಪಾದ ಸಲಾಕೆಯನ್ನು ಕುರುಡಾಗಿ ಚುಚ್ಚಬೇಡಿ. ಸಮಯವಿದ್ದರೆ ಮೊದಲು ಮೂಗಿನ ನಳಿಕೆ ಹಾಕಿ ಇನ್ನೊಂದು ಎಕ್ಸ್‌ರೇ ತೆಗೆಸಿ.

ಖಚಿತವಾಗಿ ಹೇಳುವುದು ಸಿ.ಟಿ. ಸ್ಕ್ಯಾನ್. ಹರಕು ಎಲ್ಲಿದೆ, ಎಷ್ಟು ದೊಡ್ಡದು, ಯಾವ ಅಂಗ ಮೇಲೇರಿದೆ, ಅದಕ್ಕೆ ರಕ್ತ ಹರಿಯುತ್ತಿದೆಯೇ ಎಂಬುದೆಲ್ಲ ಅದರಲ್ಲಿ ಕಾಣುತ್ತದೆ. ಈಗ ಜಿಲ್ಲಾ ಆಸ್ಪತ್ರೆಗಳಲ್ಲೂ ಈ ಸೌಲಭ್ಯ ಬಂದಿದೆ. ಹಾಗಿದ್ದೂ ಇರಿತದ ಸಣ್ಣ ಸೀಳು ಸ್ಕ್ಯಾನಿನಲ್ಲೂ ತಪ್ಪಿಸಿಕೊಳ್ಳಬಹುದು. ಅನುಮಾನ ಬಲವಾಗಿದ್ದರೆ ದುರ್ಬೀನು ಹಾಕಿ, ಅಂದರೆ ಲ್ಯಾಪರೋಸ್ಕೋಪಿ ಮಾಡಿ ಕಣ್ಣಾರೆ ನೋಡುವುದೇ ಸರಿಯಾದ ದಾರಿ.

ಹುಟ್ಟಿನಿಂದ ಬಂದದ್ದು, ಪೆಟ್ಟಿನಿಂದ ಆದದ್ದು ಎರಡನ್ನೂ ನೋಡಿದೆವು. ಮೂರನೆಯ ಬಗೆ ಎಲ್ಲಕ್ಕಿಂತ ಸಾಮಾನ್ಯ. ಅನ್ನನಾಳ ಹಾದುಬರುವ ಸಹಜ ಕಂಡಿ ವಯಸ್ಸಾದಂತೆ ಸಡಿಲವಾಗುತ್ತದೆ. ಬೊಜ್ಜು, ಹಲವು ಹೆರಿಗೆ, ಹಳೆಯ ಕೆಮ್ಮು, ಮಲಬದ್ಧತೆಯಿಂದ ಮುಕ್ಕುವುದು, ಇವೂ ಅದಕ್ಕೆ ಕೈಜೋಡಿಸುತ್ತವೆ. ಜಠರದ ಮೇಲ್ಭಾಗ ಆ ಕಂಡಿಯಿಂದ ಎದೆಗೆ ಜಾರುತ್ತದೆ. ಇದನ್ನು ಹಯಾಟಸ್ ಹರ್ನಿಯಾ ಎನ್ನುತ್ತಾರೆ. ಇವುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜಾರಿ ಮೇಲೆ ಕೆಳಗೆ ಓಡಾಡುವ ಬಗೆಯವು. ಅವುಗಳಿಂದ ಜೀವಕ್ಕೆ ಅಪಾಯವಿಲ್ಲ. ಎಂಡೋಸ್ಕೋಪಿ ವರದಿಯಲ್ಲಿ ಹಯಾಟಸ್ ಹರ್ನಿಯಾ ಎಂಬ ಎರಡು ಪದ ನೋಡಿ ಹೆದರಿ ನಿದ್ದೆಗೆಟ್ಟವರು ಬಹಳ ಜನ ಇದ್ದಾರೆ. ಹೆದರಬೇಡಿ. ತೊಂದರೆ ಏನೂ ಇಲ್ಲದಿದ್ದರೆ ಚಿಕಿತ್ಸೆಯೂ ಬೇಕಾಗಿಲ್ಲ.

ತೊಂದರೆ ಇದ್ದರೆ ಅದು ಎದೆಯುರಿ, ಹುಳಿತೇಗು, ಬಗ್ಗಿದಾಗ ಗಂಟಲಿಗೆ ಹುಳಿನೀರು ಬರುವುದು, ರಾತ್ರಿ ಕೆಮ್ಮು ಈ ರೂಪದಲ್ಲಿ ಇರುತ್ತದೆ. ನಮ್ಮ ಜನ ಇದಕ್ಕೆಲ್ಲ ಒಟ್ಟಾಗಿ ಗ್ಯಾಸ್ಟ್ರಿಕ್ ಎಂದು ಹೆಸರಿಟ್ಟು, ಮೆಡಿಕಲ್ ಅಂಗಡಿಯಿಂದ ತಾವೇ ಮಾತ್ರೆ ತಂದು ವರ್ಷಗಟ್ಟಲೆ ನುಂಗುತ್ತಾರೆ. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಒಳ್ಳೆಯ ಔಷಧಗಳೇ. ಊಟಕ್ಕೆ ಅರ್ಧ ಗಂಟೆ ಮೊದಲು, ವೈದ್ಯರು ಹೇಳಿದಷ್ಟು ವಾರ ತೆಗೆದುಕೊಂಡರೆ ಉರಿ ಇಳಿಯುತ್ತದೆ. ಆದರೆ ಮಾತ್ರೆ ಆಮ್ಲವನ್ನು ಕಡಿಮೆ ಮಾಡುತ್ತದೆಯೇ ಹೊರತು ಮೇಲೇರಿದ ಜಠರವನ್ನು ಕೆಳಗಿಳಿಸುವುದಿಲ್ಲ. ಮಾತ್ರೆಯ ಜೊತೆಗೆ ನಡವಳಿಕೆಯೂ ಬದಲಾಗಬೇಕು. ರಾತ್ರಿಯ ಊಟಕ್ಕೂ ಮಲಗುವುದಕ್ಕೂ ನಡುವೆ ಮೂರು ಗಂಟೆ ಬಿಡಿ. ಮೈಭಾರ ಇಳಿಸಿ. ಬೀಡಿ, ಸಿಗರೇಟು, ಮದ್ಯ ಬಿಡಿ. ಮಂಚದ ತಲೆಕಡೆಯ ಕಾಲುಗಳ ಕೆಳಗೆ ಇಟ್ಟಿಗೆಯೋ ಮರದ ತುಂಡೋ ಇಟ್ಟು ಆರರಿಂದ ಎಂಟು ಅಂಗುಲ ಎತ್ತರಿಸಿ. ಎರಡು ದಿಂಬು ಹೆಚ್ಚಿಗೆ ಇಟ್ಟುಕೊಂಡರೆ ಕುತ್ತಿಗೆ ಮಡಚುತ್ತದೆ, ಹೊಟ್ಟೆ ಒತ್ತುತ್ತದೆ, ಪ್ರಯೋಜನವಿಲ್ಲ. ನೆಲದ ಮೇಲೆ ಮಲಗುವವರು ಸೊಂಟದಿಂದ ತಲೆಯವರೆಗೆ ಇಳಿಜಾರಾಗುವಂತೆ ಹಾಸಿಗೆಯ ಕೆಳಗೆ ಮಡಚಿದ ಕಂಬಳಿ ಇಟ್ಟುಕೊಳ್ಳಬಹುದು. ಎಡ ಮಗ್ಗುಲಿಗೆ ಮಲಗಿದರೆ ಆಮ್ಲ ಮೇಲೆ ಬರುವುದು ಕಡಿಮೆ. ಕಪಾಲಭಾತಿ, ಮಯೂರಾಸನದಂಥ ಹೊಟ್ಟೆಯೊತ್ತಡ ಹೆಚ್ಚಿಸುವ ಅಭ್ಯಾಸಗಳನ್ನು ವೈದ್ಯರನ್ನು ಕೇಳದೆ ಮಾಡಬೇಡಿ.

ಹಯಾಟಸ್ ಹರ್ನಿಯಾಗಳಲ್ಲಿ ಉಳಿದ ಸಣ್ಣ ಪಾಲಿನ ಬಗ್ಗೆ ಮಾತ್ರ ಎಚ್ಚರ ಬೇಕು. ಅಲ್ಲಿ ಜಠರ ಅನ್ನನಾಳದ ಪಕ್ಕದಿಂದ ಮೇಲೇರುತ್ತದೆ. ಕೆಲವರಲ್ಲಿ ಇಡೀ ಜಠರವೇ ತಲೆಕೆಳಗಾಗಿ ಎದೆಯಲ್ಲಿ ಕುಳಿತಿರುತ್ತದೆ. ಹೆಚ್ಚಾಗಿ ವಯಸ್ಸಾದವರಲ್ಲಿ, ಅದರಲ್ಲೂ ಹೆಂಗಸರಲ್ಲಿ. ಎದೆಯುರಿ ಇವರಿಗೆ ಇರದೆಯೂ ಇರಬಹುದು. ಎರಡು ತುತ್ತಿಗೇ ಹೊಟ್ಟೆ ತುಂಬಿತು ಎನ್ನುತ್ತಾರೆ, ಉಂಡ ಮೇಲೆ ಮೇಲುಸಿರು ಬಿಡುತ್ತಾರೆ. ಇನ್ನೊಂದು ಲಕ್ಷಣವನ್ನು ಮನೆಯವರು ಗಮನಿಸಬೇಕು: ಕಾರಣ ತಿಳಿಯದ ರಕ್ತಹೀನತೆ. ಕಂಡಿಯ ಅಂಚು ಜಠರಕ್ಕೆ ಉಜ್ಜಿ ಉಜ್ಜಿ ಅಲ್ಲಿ ಗಾಯಗಳಾಗಿ, ಕಣ್ಣಿಗೆ ಕಾಣದಷ್ಟು ರಕ್ತ ದಿನವೂ ಸೋರುತ್ತದೆ. ಅಜ್ಜಿಗೆ ಕಬ್ಬಿಣದ ಮಾತ್ರೆ ಕೊಟ್ಟೂ ಕೊಟ್ಟೂ ರಕ್ತ ಏರದಿದ್ದರೆ ಎಂಡೋಸ್ಕೋಪಿ ಮಾಡಿಸಿ. ವಯಸ್ಸಾಯಿತು, ಸುಸ್ತು ಇದ್ದದ್ದೇ ಎಂದು ಬಿಡಬೇಡಿ.

ಎದೆನೋವಿನ ಬಗ್ಗೆ ಒಂದು ಮಾತು ಸೇರಿಸಲೇಬೇಕು. ಈ ಹರ್ನಿಯಾದ ನೋವು ಹೃದಯಾಘಾತದ ನೋವನ್ನು ಹೋಲಬಹುದು, ಹೃದಯಾಘಾತವೂ ಗ್ಯಾಸ್ಟ್ರಿಕ್ ನೋವಿನ ವೇಷದಲ್ಲಿ ಬರಬಹುದು. ನಿಮಗೆ ಹರ್ನಿಯಾ ಇದೆಯೆಂದು ಗೊತ್ತಿದ್ದರೂ ಹೊಸದಾಗಿ ಎದೆನೋವು ಬಂದರೆ ಮೊದಲು ಇ.ಸಿ.ಜಿ. ಆಗಲಿ. ಸೋಡಾ ಕುಡಿದು ನೋಡೋಣ ಎಂದು ಕಾಯಬೇಡಿ.

ಚಿಕಿತ್ಸೆಗೆ ಬರೋಣ. ಪೆಟ್ಟಿನಿಂದ ಹರಿದ ವಪೆಗೆ ಆಪರೇಷನ್ ಒಂದೇ ದಾರಿ. ಲಕ್ಷಣ ಕಡಿಮೆಯಿದ್ದರೂ ಮುಂದೂಡಬಾರದು, ಕರುಳು ಯಾವ ದಿನ ಸಿಕ್ಕಿಕೊಳ್ಳುತ್ತದೆಂದು ಯಾರೂ ಹೇಳಲಾರರು. ಹುಟ್ಟಿನಿಂದ ಬಂದ ಕಂಡಿ ದೊಡ್ಡವರಲ್ಲಿ ಪತ್ತೆಯಾಗಿ, ಅದರೊಳಗೆ ಕರುಳೋ ಜಠರವೋ ಏರಿದ್ದರೂ ಸಾಮಾನ್ಯವಾಗಿ ಇದೇ ನಿಯಮ. ಅನ್ನನಾಳದ ಪಕ್ಕದ ಹರ್ನಿಯಾದಲ್ಲಿ ಮಾತ್ರ ಯೋಚಿಸಿ ನಿರ್ಧರಿಸುವ ಅವಕಾಶವಿದೆ. ಏನೂ ತೊಂದರೆಯಿಲ್ಲದ ವೃದ್ಧರಲ್ಲಿ ಅದು ಏಕಾಏಕಿ ತುರ್ತು ಆಪರೇಷನ್ನಿಗೆ ತಿರುಗುವ ಸಾಧ್ಯತೆ ವರ್ಷಕ್ಕೆ ನೂರಕ್ಕೆ ಒಂದರಷ್ಟು. ಎಂಬತ್ತು ದಾಟಿದ, ಹೃದಯ ದುರ್ಬಲವಾದ ಹಿರಿಯರಿಗೆ ಕಾದು ನೋಡುವುದೇ ವಿವೇಕ. ಲಕ್ಷಣವಿದ್ದು ಮೈಯಲ್ಲಿ ಶಕ್ತಿಯಿದ್ದವರಿಗೆ ಆಪರೇಷನ್ ಮಾಡಿಸುವುದು ವಿವೇಕ.

ಇಟಲಿಯ ರಿಯೋಲ್ಫಿ 1886ರಲ್ಲಿ ಹರಿದ ವಪೆಯನ್ನು ಯಶಸ್ವಿಯಾಗಿ ಹೊಲಿದರು. ಕೆಲಸದ ಸಾರ ಇಂದಿಗೂ ಅದೇ. ಮೇಲೇರಿದ ಅಂಗಗಳನ್ನು ಮೆಲ್ಲಗೆ ಕೆಳಗಿಳಿಸಬೇಕು, ಅವು ಜೀವಂತವಾಗಿವೆಯೇ ಎಂದು ನೋಡಬೇಕು, ಹರಕನ್ನು ಕರಗದ ದಾರದಿಂದ ಬಲವಾಗಿ ಹೊಲಿಯಬೇಕು. ಅಂಚುಗಳು ಕೂಡದಷ್ಟು ದೊಡ್ಡ ಹರಕಾದರೆ ಜಾಲರಿ ಇಟ್ಟು ಮುಚ್ಚಬೇಕು. ಅಪಘಾತದ ಹೊಸತರಲ್ಲಿ ಹೊಟ್ಟೆಯ ಕಡೆಯಿಂದ ಹೋಗುತ್ತೇವೆ, ಬೇರೆ ಅಂಗಗಳ ಗಾಯವನ್ನೂ ನೋಡಬೇಕಲ್ಲ. ವರ್ಷಗಳು ಕಳೆದಿದ್ದರೆ ಕರುಳು ಶ್ವಾಸಕೋಶಕ್ಕೆ ಅಂಟಿಕೊಂಡಿರುತ್ತದೆ, ಅದನ್ನು ಬಿಡಿಸಲು ಎದೆಯ ಕಡೆಯಿಂದ ಹೋಗುವುದು ಅನುಕೂಲವೆಂದು ಹಲವು ಶಸ್ತ್ರವೈದ್ಯರ ಅಭಿಪ್ರಾಯ. ಹಯಾಟಸ್ ಹರ್ನಿಯಾದಲ್ಲಿ ಹಿಗ್ಗಿದ ಕಂಡಿಯನ್ನು ಕಿರಿದಾಗಿಸಿ, ಜಠರದ ಮೇಲ್ಭಾಗವನ್ನು ಅನ್ನನಾಳದ ಕೆಳತುದಿಗೆ ಸುತ್ತಿ ಹೊಲಿಯುತ್ತೇವೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿದ್ದ ರುಡಾಲ್ಫ್ ನಿಸ್ಸೆನ್ 1956ರಲ್ಲಿ ಪ್ರಕಟಿಸಿದ ವಿಧಾನ ಅದು. 1991ರಿಂದ ಅದನ್ನು ಸಣ್ಣ ರಂಧ್ರಗಳ ಮೂಲಕ, ಲ್ಯಾಪರೋಸ್ಕೋಪಿಯಿಂದ ಮಾಡುವುದು ರೂಢಿಗೆ ಬಂತು. ಈಗ ಕರ್ನಾಟಕದ ದೊಡ್ಡ ಊರುಗಳಲ್ಲೆಲ್ಲ ನಡೆಯುತ್ತದೆ.

ಆಪರೇಷನ್ ಆದ ಮೇಲೆ ಕೆಲವು ವಾರ ಗಂಜಿ, ಮೆತ್ತಗಿನ ಅನ್ನ, ಚಿಕ್ಕ ಚಿಕ್ಕ ತುತ್ತು. ನುಂಗಲು ಬಿಗಿಯೆನಿಸುವುದು, ಹೊಟ್ಟೆಯುಬ್ಬರ ಮೊದಮೊದಲು ಸಾಮಾನ್ಯ, ಬರಬರುತ್ತ ಹೋಗುತ್ತವೆ. ವೈದ್ಯರು ಹೇಳುವವರೆಗೆ ಮೂಟೆ ಹೊರುವುದು, ಕೊಡ ಎತ್ತುವುದು, ಮರ ಹತ್ತುವುದು ಬೇಡ. ಕೂಲಿ ಮಾಡುವವರಿಗೆ ಇದು ಸುಲಭದ ಮಾತಲ್ಲವೆಂದು ಬಲ್ಲೆ. ಆದರೂ ಮನೆಯವರು ಆ ದಿನಗಳನ್ನು ನಿಭಾಯಿಸಿಕೊಡಬೇಕು. ದೊಡ್ಡ ಹಯಾಟಸ್ ಹರ್ನಿಯಾ ಮತ್ತೆ ಮರುಕಳಿಸುವುದೂ ಉಂಟು, ಅದನ್ನು ಮೊದಲೇ ರೋಗಿಗೆ ಬಿಡಿಸಿ ಹೇಳಬೇಕಾದದ್ದು ವೈದ್ಯರ ಕರ್ತವ್ಯ.

ತುರ್ತು ಯಾವುದು ಎಂದು ಎಲ್ಲರಿಗೂ ತಿಳಿದಿರಲಿ. ಎದೆಯಲ್ಲೋ ಹೊಟ್ಟೆಯ ಮೇಲ್ಭಾಗದಲ್ಲೋ ತಡೆಯಲಾಗದ ನೋವು. ಓಕರಿಕೆ ಮೇಲೆ ಓಕರಿಕೆ ಬಂದರೂ ಏನೂ ಹೊರಗೆ ಬಾರದಿರುವುದು. ಹೊಟ್ಟೆಯುಬ್ಬಿ ಗಾಳಿಯೂ ಮಲವೂ ಹೋಗದಿರುವುದು, ಅದರ ಜೊತೆ ಏದುಸಿರು. ಇವು ಕಂಡಾಗ ಕಷಾಯ, ಓಮದ ನೀರು, ಹೊಕ್ಕುಳ ಜರುಗಿದೆಯೆಂದು ಹೊಟ್ಟೆ ತಿಕ್ಕಿಸುವುದು ಯಾವುದೂ ಬೇಡ. ಬಾಯಿಗೆ ನೀರನ್ನೂ ಹಾಕದೆ, ಒರಗಿಸಿ ಕೂರಿಸಿಕೊಂಡು, 108ಕ್ಕೆ ಕರೆಮಾಡಿ ಶಸ್ತ್ರವೈದ್ಯರಿರುವ ಆಸ್ಪತ್ರೆಗೆ ಹೊರಡಿ. ಕರುಳಿಗೆ ರಕ್ತ ನಿಂತ ಮೇಲೆ ಕೆಲವೇ ಗಂಟೆಗಳ ಅವಕಾಶವಿರುತ್ತದೆ.

ಕೊನೆಯದಾಗಿ ಕೇಳುಗರಲ್ಲಿ ನನ್ನದೊಂದು ಕೋರಿಕೆ. ಅಪಘಾತವಾಗಿ ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಕೊಡುವ ಡಿಸ್ಚಾರ್ಜ್ ಚೀಟಿಯನ್ನೂ ಎಕ್ಸ್‌ರೇಗಳನ್ನೂ ವಿಮೆಯ ಹಣ ಬಂದ ಕೂಡಲೇ ಎಸೆಯಬೇಡಿ. ಜಮೀನಿನ ಪಹಣಿ ಇಡುವ ಕಪಾಟಿನಲ್ಲೇ ಅವನ್ನೂ ಇಡಿ. ಮುಂದೆ ಯಾವ ಕಾಯಿಲೆಗೆ ಯಾವ ವೈದ್ಯರ ಬಳಿ ಹೋದರೂ, ಅವರು ಕೇಳಲಿ ಬಿಡಲಿ, ಇಂಥ ವರ್ಷ ಹೀಗೆ ಬಿದ್ದಿದ್ದೆ, ಪಕ್ಕೆಗೆ ಪೆಟ್ಟಾಗಿತ್ತು ಎಂದು ನೀವಾಗಿಯೇ ಹೇಳಿ.